ಕೈಗೆ ನೆನಪಿರುವ ಸಮಾರಂಭ: ಕಾಗದದಿಂದ ಕೈಚೀಲದವರೆಗೆ ಯಾವುದನ್ನು ಆರಿಸೋಣ?

ಅಪ್ಪನ ಅರವತ್ತರ ಶಾಂತಿಗೆ ಏನೇನು ಮಾಡಿಸೋಣ ಅಂತ ಮನೆಯಲ್ಲಿ ಚರ್ಚೆ ನಡೆದಿತ್ತು. ಸ್ಟೇಜಿಗೆ ಯಾವ ಹೂವು, ಬಾಗಿಲಿಗೆ ಎಂಥ ಲೈಟು, ಫೋಟೊದವರು ಎಷ್ಟು ಜನ ಬೇಕು. ದೊಡ್ಡಮ್ಮ ಮೂಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಗ್ಲಾಕೋಮಾದಿಂದ ಅವರಿಗೆ ಕಣ್ಣು ಹೋಗಿ ಏಳೆಂಟು ವರ್ಷವಾಗಿದೆ. "ಹೋದ ವರ್ಷ ಒಂದು ಮದುವೆಗೆ ಹೋಗಿದ್ವಲ್ಲ, ಕುರ್ಚಿ ಮೇಲೆ ಕೂತರೆ ಜಾರ್ತಾ ಇತ್ತು ನೋಡು, ಅಲ್ಲಿ. ಹಂಗೆ ಮಾತ್ರ ಮಾಡ್ಬೇಡಿ ಕಣೇ" ಅಂದರು.

ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಆ ಮದುವೆಯ ಸ್ಟೇಜು ಹೇಗಿತ್ತು ಅಂತ ಕಣ್ಣಿರುವ ನಮಗೂ ನೆನಪಿರಲಿಲ್ಲ. ಕುರ್ಚಿ ಮಾತ್ರ ಎಲ್ಲರಿಗೂ ನೆನಪಿತ್ತು.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಶುರುವಾಯಿತು. ಸಮಾರಂಭಕ್ಕೆ ಏನೇ ಆರಿಸುವುದಿದ್ದರೂ ಮೊದಲು ದೊಡ್ಡಮ್ಮನ ಕೈಗೆ ಕೊಡುವುದು. ಅಪ್ಪನ ಶಾಂತಿ, ಆಮೇಲೆ ತಂಗಿಯ ಸೀಮಂತ, ಈಚೆಗೆ ನಮ್ಮದೇ ಗೃಹಪ್ರವೇಶ, ಮೂರಕ್ಕೂ ಹೀಗೇ ಮಾಡಿದೆವು. ನೂರೈವತ್ತು ಇನ್ನೂರು ಜನ ಸೇರುವ ಮನೆಮಟ್ಟದ ಸಮಾರಂಭಕ್ಕೆ ಯಾವುದು ಹೊಂದುತ್ತದೆ, ಯಾವುದು ಸುಮ್ನೆ ದುಡ್ಡು ದಂಡ ಅಂತ ನಮಗೆ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಕೈಯ ನೆನಪು ಗಟ್ಟಿ ಅನ್ನುವುದು ನಮ್ಮ ದೊಡ್ಡಮ್ಮನ ಮಾತಷ್ಟೇ ಅಲ್ಲ. 2018ರಲ್ಲಿ ಜರ್ಮನಿಯ ಫ್ಯಾಬಿಯನ್ ಹುಟ್‌ಮಾಕರ್ ಮತ್ತು ಕ್ರಿಸ್ಟೋಫ್ ಕೂಬಾಂಡ್ನರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಕಣ್ಣು ಕಟ್ಟಿ 168 ದಿನಬಳಕೆಯ ವಸ್ತುಗಳನ್ನು ಒಂದೊಂದಾಗಿ ಕೈಗೆ ಕೊಟ್ಟರು. ಒಂದೊಂದಕ್ಕೆ ಹತ್ತೇ ಸೆಕೆಂಡು. ಆಮೇಲೆ ಒಂದೇ ಜಾತಿಯ ಎರಡು ವಸ್ತು ಕೊಟ್ಟು, ನೀವು ಆಗ ಮುಟ್ಟಿದ್ದು ಯಾವುದು ಅಂತ ಕೇಳಿದರು. ನೂರಕ್ಕೆ 94 ಸಲ ಸರಿಯಾದ ಉತ್ತರ ಬಂತು. ವಾರ ಬಿಟ್ಟು ಕೇಳಿದಾಗಲೂ 84. ಹಾಗಂತ ಸ್ಪರ್ಶದ ಬಗ್ಗೆ ಹೇಳುವುದನ್ನೆಲ್ಲ ನಂಬಬೇಡಿ. ಬಿಸಿ ಕಾಫಿ ಲೋಟ ಹಿಡಿದವರಿಗೆ ಎದುರಿನವರು ಹೆಚ್ಚು ಆತ್ಮೀಯರಾಗಿ ಕಾಣುತ್ತಾರೆ ಅಂತ 2008ರಲ್ಲಿ ಅಮೆರಿಕದಲ್ಲಿ ಬಂದ ಅಧ್ಯಯನವೊಂದು ತುಂಬ ಹೆಸರು ಮಾಡಿತ್ತು. ಮುಂದೆ ಜಾಸ್ತಿ ಜನರನ್ನು ಸೇರಿಸಿಕೊಂಡು ಅದನ್ನೇ ಮತ್ತೆ ಮಾಡಿದಾಗ ಆ ಫಲ ಸಿಗಲಿಲ್ಲ. ಕಾಫಿ ಬಿಸಿಯಾಗಿ ಕೊಡಿ, ಆದರೆ ಬೀಗರು ಅದರಿಂದಲೇ ಕರಗಿಬಿಡುತ್ತಾರೆ ಅಂತ ಕಾಯಬೇಡಿ.

ಕರೆಯೋಲೆ: ನುಣುಪು ಕಾರ್ಡೋ, ಕೈಕಾಗದವೋ?

ಈಗ ಮುಕ್ಕಾಲು ಪಾಲು ಕರೆಯೋಲೆ ವಾಟ್ಸಾಪಿನಲ್ಲೇ ಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಚ್ಚು ಹಾಕಿಸುವುದೇ ಆದರೆ ಕಡಿಮೆ ಹಾಕಿಸಿ, ಕೈಗೆ ಹತ್ತುವ ಹಾಗೆ ಹಾಕಿಸಿ. ನಮ್ಮ ಮುಂದೆ ಮೂರು ಆಯ್ಕೆ ಇದ್ದವು. ಹೊಳಪಿನ ಲ್ಯಾಮಿನೇಶನ್ ಕಾರ್ಡು, ಚಿನ್ನದ ಫಾಯಿಲ್ ಒತ್ತಿದ ದಪ್ಪ ಕಾರ್ಡು, ಮತ್ತೆ ಹತ್ತಿ ಚಿಂದಿಯಿಂದ ಮಾಡುವ ಕೈಕಾಗದ.

ಮೊದಲನೆಯದು ಕೈಗೆ ಚಾಕೊಲೇಟ್ ಕವರಿನ ಹಾಗೆ. ಎರಡನೆಯದರಲ್ಲಿ ಒತ್ತಿದ ಅಕ್ಷರ ಬೆರಳಿಗೆ ಸಿಗುತ್ತದೆ, ಆದರೆ ಬೆಲೆ ಏರುತ್ತದೆ. ಕೈಕಾಗದದ ಮೇಲೆ ಬೆರಳಾಡಿಸಿದರೆ ಅಲ್ಲಲ್ಲಿ ನಾರು, ಅಂಚು ಸ್ವಲ್ಪ ಹರಕು ಹರಕು. ದೊಡ್ಡಮ್ಮ ಅದನ್ನು ಹಿಡಿದು, "ಇದು ಬಟ್ಟೆ ಥರ ಇದೆ" ಅಂದರು. ಒಂದು ಎಚ್ಚರಿಕೆ. ಕೈಕಾಗದಕ್ಕೆ ಲೇಸರ್ ಪ್ರಿಂಟರ್ ಒಗ್ಗುವುದಿಲ್ಲ. ಮೇಲ್ಮೈ ಉಬ್ಬುತಗ್ಗು ಇರುವುದರಿಂದ ಅಕ್ಷರ ಅಲ್ಲಲ್ಲಿ ಒಡೆಯುತ್ತದೆ. ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿ, ಅಕ್ಷರ ದಪ್ಪವಿರಲಿ, ಮಾತು ಕಡಿಮೆಯಿರಲಿ.

ಇದ್ಯಾವುದೂ ಬೇಡ, ಸಾದಾ ಕಾರ್ಡೇ ಸಾಕು ಅನ್ನುವವರು ನಾಲ್ಕು ಮೂಲೆಗೆ ಅರಿಸಿನ ಹಚ್ಚುವುದನ್ನಂತೂ ಬಿಡಬೇಡಿ. ಈಗ ಹಳದಿ ಮೂಲೆಯನ್ನೂ ಅಚ್ಚಿನಲ್ಲೇ ಹಾಕಿಸಿಬಿಡುತ್ತಾರೆ. ಒಣಗಿದ ಅರಿಸಿನ ಬೆರಳಿಗೆ ಹತ್ತಿದಾಗ ಬರುವ ಆ ಪುಡಿಪುಡಿ ಅನುಭವ ಅಚ್ಚಿನಲ್ಲಿ ಎಲ್ಲಿಂದ ಬರಬೇಕು? ಒಂದು ಸಂಜೆ, ಇಬ್ಬರು ಮಕ್ಕಳು, ಒಂದು ಬಟ್ಟಲು ಅರಿಸಿನ ಇದ್ದರೆ ಮುಗಿಯುವ ಕೆಲಸ.

ಬಾಗಿಲಲ್ಲಿ

ಸ್ವಾಗತಕ್ಕೆ ಪನ್ನೀರು, ಗಂಧ, ಒದ್ದೆ ಟವೆಲು, ಕಾಲಿಗೆ ನೀರು. ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ಯಾವ ತಿಂಗಳು ಅಂತ ಕೇಳಿಕೊಳ್ಳಿ. ವೈಶಾಖದ ಬಿಸಿಲಲ್ಲಿ ಬಂದವರ ಮೇಲೆ ನಾಲ್ಕು ಹನಿ ಪನ್ನೀರು ಬಿದ್ದರೆ ಜೀವ ತಂಪಾಗುತ್ತದೆ. ಪುಷ್ಯ ಮಾಸದ ಬೆಳಗಿನ ಏಳು ಗಂಟೆಗೆ ಅದನ್ನೇ ಮಾಡಿದರೆ ಬೈಗುಳ ಗ್ಯಾರಂಟಿ.

ಗಂಧದಲ್ಲಿ ಎರಡು ಬಗೆ. ಸಾಣೆಕಲ್ಲಿನ ಮೇಲೆ ಕೊರಡು ತೇಯ್ದದ್ದು, ಅಂಗಡಿಯ ಪುಡಿ ಕಲಸಿದ್ದು. ತೇಯ್ದ ಗಂಧ ಬೆಣ್ಣೆಯಷ್ಟು ನಯ, ಕೈಮೇಲೆ ತಣ್ಣಗೆ ಕೂರುತ್ತದೆ. ಪ್ಯಾಕೆಟ್ ಪುಡಿ ಎಷ್ಟೋ ಸಲ ಮರಳು ಮರಳು. ಇನ್ನೂರು ಜನಕ್ಕೆ ತೇಯುವುದು ಕಷ್ಟ, ಒಪ್ಪುತ್ತೇನೆ. ನಾವು ಅಪ್ಪನ ವಾರಿಗೆಯವರಿಗೆ ಮಾತ್ರ ತೇಯ್ದ ಗಂಧ ಇಟ್ಟೆವು, ಉಳಿದವರಿಗೆ ಪನ್ನೀರು. ಇನ್ನೊಂದು ಮಾತು. ಎಲ್ಲರಿಗೂ ಮುಟ್ಟಿಸಿಕೊಳ್ಳುವುದು ಇಷ್ಟವಾಗುವುದಿಲ್ಲ. ಕೆಲವರಿಗೆ ಸುವಾಸನೆಯ ದ್ರವ್ಯದಿಂದ ಚರ್ಮ ಕೆರೆತ ಬರುತ್ತದೆ. ಗಂಧದ ಬಟ್ಟಲನ್ನು ಮುಂದೆ ಹಿಡಿಯಿರಿ, ಬೇಕಾದವರು ತಾವೇ ಕೈ ಮುಂದೆ ಮಾಡುತ್ತಾರೆ. ಹಿಡಿದುಕೊಂಡು ಹಚ್ಚುವುದು ಬೇಡ.

ಕಾಲಿಗೆ ನೀರು ಕೊಡುವುದು ನನಗೆ ತುಂಬ ಇಷ್ಟದ ಪದ್ಧತಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಬಂದವರಿಗೆ ಮೊದಲು ತಂಬಿಗೆ ನೀರು, ಆಮೇಲೆ ಮಾತು. ಆದರೆ ಇದನ್ನು ಮನೆಯಂಗಳದಲ್ಲಿ ಮಾಡಿ, ಛತ್ರದಲ್ಲಿ ಮಾಡಬೇಡಿ. ಪಾಲಿಶ್ ಮಾಡಿದ ಗ್ರಾನೈಟಿನ ಮೇಲೆ ಒದ್ದೆ ಕಾಲು, ಜೊತೆಗೆ ರೇಷ್ಮೆ ಸೀರೆ. ಮುಂದೆ ಹೇಳಬೇಕಿಲ್ಲ.

ಕಾಲಿನ ಮಾತು ಬಂದಾಗ ಆ ಹಸಿರು ಪ್ಲಾಸ್ಟಿಕ್ ಹುಲ್ಲಿನ ಬಗ್ಗೆಯೂ ಹೇಳಲೇಬೇಕು. ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಬಂದವರ ಅಂಗಾಲಿಗೆ ಚುಚ್ಚುತ್ತದೆ, ಬಿಸಿಲಲ್ಲಿ ಹಾಸಿದ್ದರೆ ಸುಡುತ್ತದೆ. ಹಳೆಯ ಕೆಂಪು ರೆಡ್‌ಆಕ್ಸೈಡ್ ನೆಲವೋ ಕಡಪ ಕಲ್ಲೋ ಇರುವ ಛತ್ರ ಸಿಕ್ಕರೆ ಅದರ ಮೇಲೆ ಏನೂ ಹಾಸಬೇಡಿ. ಆ ತಂಪೇ ಅಲಂಕಾರ.

ಕೂರುವುದು ಎಲ್ಲಿ?

ಇಲ್ಲಿಗೆ ಬಂತು ದೊಡ್ಡಮ್ಮನ ಕುರ್ಚಿ. ಬಾಡಿಗೆಯವರು ಸಾಮಾನ್ಯವಾಗಿ ಪ್ಲಾಸ್ಟಿಕ್ ಕುರ್ಚಿಗೆ ಸ್ಯಾಟಿನ್ ಬಟ್ಟೆಯ ಕವರು ತೊಡಿಸಿ ಹಿಂದೆ ಒಂದು ಬೋ ಕಟ್ಟುತ್ತಾರೆ. ಸ್ಯಾಟಿನ್ ಅಂದರೆ ಈಗ ಬಹುತೇಕ ಪಾಲಿಯೆಸ್ಟರ್. ಬೆವರು ಹೀರುವುದಿಲ್ಲ, ಮೇಲೆ ರೇಷ್ಮೆ ಸೀರೆ ಕೂತರೆ ನುಣುಪಿಗೆ ನುಣುಪು ಸೇರಿ ಜಾರುತ್ತದೆ. ವಯಸ್ಸಾದವರು ಎದ್ದು ಕೂರುವಾಗ ಹಿಡಿಯುವುದು ಕುರ್ಚಿಯ ಕೈಯನ್ನು. ಅದರ ಮೇಲೂ ಜಾರುವ ಬಟ್ಟೆ ಇರುತ್ತದೆ.

ಇದಕ್ಕಿಂತ ಬರೀ ಪ್ಲಾಸ್ಟಿಕ್ ಕುರ್ಚಿ ವಾಸಿ. ನಿಜವಾಗಿ ಹೇಳುತ್ತಿದ್ದೇನೆ. ಒರೆಸಿ ಇಟ್ಟ ಸಾದಾ ಕುರ್ಚಿಯ ಮೇಲೆ ಒಂದು ಹತ್ತಿಯ ಚೌಕ ಬಟ್ಟೆ ಹಾಕಿದರೆ ಅಷ್ಟೇ ಚೆನ್ನ. ನಾವು ಅಪ್ಪನ ಶಾಂತಿಗೆ ಕವರು ಬೇಡ ಅಂದಾಗ ಡೆಕೊರೇಶನ್‌ನವರು, "ಮೇಡಂ, ಕವರ್ ಇಲ್ದಿದ್ರೆ ರಿಚ್ ಆಗಿ ಕಾಣಲ್ಲ" ಅಂತ ಮೂರು ಸಲ ಹೇಳಿದರು. ಕಾಣದಿದ್ದರೆ ಬಿಡಲಿ.

ನೆಲದ ಮೇಲೆ ಕೂರುವ ವ್ಯವಸ್ಥೆ ಮಾಡುವುದಾದರೆ ಆಯ್ಕೆ ಜಾಸ್ತಿ, ಖುಷಿಯೂ ಜಾಸ್ತಿ. ಪ್ಲಾಸ್ಟಿಕ್ ಚಾಪೆ ಅಗ್ಗ, ಆದರೆ ಹತ್ತು ನಿಮಿಷಕ್ಕೆ ಕಾಲಿಗೆ ಅಂಟುತ್ತದೆ, ಎದ್ದಾಗ ಮೊಣಕಾಲಲ್ಲಿ ಅದರ ಅಚ್ಚು ಮೂಡಿರುತ್ತದೆ. ಹತ್ತಿಯ ಜಮಖಾನ ಬೆವರು ಹೀರುತ್ತದೆ, ನೆಲದ ಗಟ್ಟಿತನವನ್ನು ಅಷ್ಟಾಗಿ ಮರೆಸುವುದಿಲ್ಲ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ಮಗ್ಗದಲ್ಲಿ ನೇಯುವ ಜಮಖಾನ ಹೆಸರುವಾಸಿ, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಇಡೀ ಸಭೆಗೆ ಅದನ್ನು ಹಾಸುವಷ್ಟು ಶಕ್ತಿ ನಮಗಿರಲಿಲ್ಲ. ಒಂದನ್ನು ತಂದು ಅಪ್ಪ ಅಮ್ಮ ಕೂರುವ ಜಾಗಕ್ಕೆ ಹಾಸಿದೆವು. ಉಳಿದ ಕಡೆ ಬಾಡಿಗೆ ಜಮಖಾನ.

ನನ್ನ ಮತವಿರುವುದು ಕೌದಿಗೆ. ಹಳೆ ಸೀರೆ, ಪಂಚೆ, ಅಂಗಿಯ ತುಂಡುಗಳನ್ನು ಪದರ ಪದರವಾಗಿಟ್ಟು ಕೈಯಲ್ಲಿ ಹೊಲಿದ ಕೌದಿ ಇದೆಯಲ್ಲ, ಕೂತರೆ ಮೆತ್ತಗೆ, ಕೈಯಾಡಿಸಿದರೆ ಹೊಲಿಗೆಯ ಸಾಲು ಸಾಲು ಸಿಗುತ್ತದೆ. ಸೀಮಂತಕ್ಕೆ ಹುಬ್ಬಳ್ಳಿ ಕಡೆಯ ನೆಂಟರು ನಾಲ್ಕು ಕೌದಿ ತಂದುಕೊಟ್ಟಿದ್ದರು. ಮಕ್ಕಳು ಅದರ ಮೇಲಿಂದ ಏಳಲೇ ಇಲ್ಲ. ದೊಡ್ಡಮ್ಮ ಒಂದೊಂದು ತುಂಡನ್ನೂ ಮುಟ್ಟಿ, "ಇದು ವಾಯಿಲ್, ಇದು ರೇಷ್ಮೆ, ಇದು ಯಾರದ್ದೋ ಪ್ಯಾಂಟು" ಅಂತ ಹೇಳುತ್ತ ಕೂತಿದ್ದರು. ಅವರ ಸುತ್ತ ಒಂದು ಗುಂಪೇ ಸೇರಿತ್ತು. ಅಂಥ ಮನರಂಜನೆಯನ್ನು ಯಾವ ಆ್ಯಂಕರ್ ಕೊಡುತ್ತಾನೆ? ಕಂಬಳಿ ಮಾತ್ರ ಬೇಡ. ಪೂಜೆಗೆ ಸರಿ. ಗಂಟೆಗಟ್ಟಲೆ ಕೂತವರ ಕಾಲಿಗೆ ಉಣ್ಣೆ ಚುಚ್ಚುತ್ತದೆ.

ಊಟ: ಎಲೆ, ಹಾಳೆ ತಟ್ಟೆ, ಸ್ಟೀಲು, ಬಫೆ

ಅತಿಥಿಯ ಕೈ ಹೆಚ್ಚು ಹೊತ್ತು ಕೆಲಸ ಮಾಡುವುದು ಊಟದ ಜಾಗದಲ್ಲಿ. ಹಾಗಾಗಿ ದುಡ್ಡು ಒಂದೇ ಕಡೆ ಹಾಕುವುದಾದರೆ ಇಲ್ಲಿ ಹಾಕಿ.

ಮೊದಲು ಬಫೆಯ ಲೆಕ್ಕ ಮುಗಿಸಿಬಿಡೋಣ. ಬಫೆಯಲ್ಲಿ ಎಡಗೈ ತಟ್ಟೆ ಹೊರುತ್ತದೆ. ಮೆಲಮೈನ್ ತಟ್ಟೆಯೇ ಭಾರ, ಅದರ ಮೇಲೆ ಪಲಾವು, ಪಲ್ಯ, ಪೂರಿ, ಎರಡು ಬಟ್ಟಲು. ಸಾಲಿನಲ್ಲಿ ನಿಂತು, ಆಮೇಲೆ ನಿಂತೇ ಉಣ್ಣುತ್ತ ಇಪ್ಪತ್ತು ನಿಮಿಷ. ನೀರಿನ ಬಾಟಲಿ ಕಂಕುಳಲ್ಲಿ. ಊಟ ಎಷ್ಟೇ ರುಚಿಯಿರಲಿ, ಮಣಿಕಟ್ಟಿನ ನೋವೇ ನೆನಪು. ಜಾಗವಿಲ್ಲ, ಬಫೆಯೇ ಗತಿ ಅನ್ನುವುದಾದರೆ ತಟ್ಟೆ ಹಗುರ ಇರಲಿ, ತಟ್ಟೆ ಇಡಲು ಎದೆಮಟ್ಟದ ಮೇಜುಗಳಿರಲಿ, ಮುದುಕರಿಗೆ ಕೂತು ಉಣ್ಣುವ ಒಂದು ಸಾಲಾದರೂ ಇರಲಿ.

ಪಂಕ್ತಿಯಲ್ಲಿ ಕೂರಿಸುವವರಿಗೆ ನಿಜವಾದ ಸ್ಪರ್ಧೆ ಇರುವುದು ಬಾಳೆ ಎಲೆಗೂ ಅಡಿಕೆ ಹಾಳೆ ತಟ್ಟೆಗೂ. ಬಾಳೆ ಎಲೆಯ ಮೈಮೇಲೆ ತೆಳುವಾದ ಮೇಣದ ಪದರವಿದೆ. ಅದಕ್ಕೇ ನೀರು ಚಿಮುಕಿಸಿದರೆ ಹನಿ ಹನಿಯಾಗಿ ಉರುಳುತ್ತದೆ, ತುಪ್ಪ ಇಳಿಯುವುದಿಲ್ಲ. ಕುಡಿ ಎಡಕ್ಕೆ ಬರುವ ಹಾಗೆ ಎಲೆ ಹಾಕುತ್ತಾರೆ, ಕೂತವರು ನೀರು ಚಿಮುಕಿಸಿ ಅಂಗೈಯಿಂದ ಒರೆಸುತ್ತಾರೆ. ಅತಿಥಿ ತಾನೇ ತನ್ನ ಊಟದ ಜಾಗವನ್ನು ಮುಟ್ಟಿ ಸಿದ್ಧಮಾಡಿಕೊಳ್ಳುವುದು ಬೇರೆ ಯಾವ ತಟ್ಟೆಯಲ್ಲೂ ಇಲ್ಲ. ಬಿಸಿ ಅನ್ನ ಬಿದ್ದಾಗ ಎಲೆ ಮೆತ್ತಗಾಗುತ್ತದೆ. ಬೆರಳಿಗೆ ಅನ್ನದ ಬಿಸಿ, ಎಲೆಯ ನಯ, ನಡುವೆ ದಿಂಡಿನ ಏಣು. ತಿಳಿಸಾರು ಹರಿದು ಮಡಿಲಿಗೆ ಬರದ ಹಾಗೆ ಅನ್ನದಲ್ಲಿ ಕಟ್ಟೆ ಕಟ್ಟುವುದಂತೂ ಕೈಗೆ ಸಿಗುವ ಆಟ.

ತೊಂದರೆಗಳೂ ಇವೆ. ಬೇಸಿಗೆಯಲ್ಲಿ ಹಿಂದಿನ ದಿನವೇ ತರಿಸಿದರೆ ಅಂಚು ಒಣಗಿ ಸೀಳುತ್ತದೆ. ಮದುವೆಯ ಹಂಗಾಮಿನಲ್ಲಿ ಬೆಲೆ ಏರುತ್ತದೆ, ಚಿಕ್ಕ ಎಲೆ ದೊಡ್ಡ ಎಲೆ ಬೆರೆಸಿ ಕೊಡುತ್ತಾರೆ. ಮೇಜಿನ ಮೇಲೆ ಹಾಸುವ ಕಾಗದದ ಸುರುಳಿ ಒದ್ದೆಯಾಗಿ ಮೊಣಕೈಗೆ ಅಂಟುವುದು ಇನ್ನೊಂದು ಕಿರಿಕಿರಿ. ಒಣ ಬಟ್ಟೆಯಿಂದ ಮೇಜು ಒರೆಸಿ ನೇರವಾಗಿ ಎಲೆ ಹಾಕಿದರೆ ಅದೂ ತಪ್ಪುತ್ತದೆ.

ಹಾಳೆ ತಟ್ಟೆ ಅಂದರೆ ಮರದಿಂದ ತಾನಾಗಿ ಬಿದ್ದ ಅಡಿಕೆ ಹಾಳೆಯನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಅಂಟು ಗಿಂಟು ಏನಿಲ್ಲ. ಮಲೆನಾಡು, ಕರಾವಳಿಯವರಿಗೆ ಹಾಳೆ ಹೊಸತಲ್ಲ, ಅವರು ತಲೆಗೆ ಇಟ್ಟುಕೊಳ್ಳುವ ಮುಟ್ಟಾಳೆಯೂ ಅದರದ್ದೇ. ಕೈಗೆ ಮರದ ಹಾಗೆ ಬೆಚ್ಚಗೆ, ಗೀರು ಗೀರು. ಬಿಸಿ ಪದಾರ್ಥ ಹಾಕಿದರೂ ಅಡಿ ಸುಡುವುದಿಲ್ಲ, ಹಾಗಾಗಿ ಕೈಯಲ್ಲಿ ಹಿಡಿದು ತಿನ್ನುವುದಕ್ಕೆ ಇದೇ ಸರಿ. ಚಾಟು, ಬಿಸಿಬೇಳೆ ಬಾತು, ದೋಸೆಗೆ ಹೇಳಿ ಮಾಡಿಸಿದ್ದು. ಮೊಸರನ್ನ ಕಲಸಿ ಉಣ್ಣುವವರಿಗೆ ಮಾತ್ರ ಆ ಗೀರುಗಳ ಮೇಲೆ ಬೆರಳು ಆಡಿಸುವುದು ಒಂಥರಾ. ದೊಡ್ಡಮ್ಮನ ತೀರ್ಪು: "ತಿಂಡಿಗೆ ಹಾಳೆ, ಊಟಕ್ಕೆ ಎಲೆ." ನಾವು ಹಾಗೇ ಮಾಡಿದೆವು.

ಮುತ್ತುಗದ ಎಲೆಯ ಪತ್ರೋಳಿಯೂ ಒಳ್ಳೆಯದೇ. ಕಡ್ಡಿ ಚುಚ್ಚಿ ಹೊಲಿದಿರುತ್ತಾರೆ, ಹೊಲಿಗೆ ಬಿಗಿ ಇಲ್ಲದಿದ್ದರೆ ಸಾರು ಸೋರುತ್ತದೆ. ಸ್ಟೀಲು ತಟ್ಟೆ ತೊಳೆಯಲು ಸುಲಭ, ಆದರೆ ಸ್ಟೀಲು ಮರಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಅದಕ್ಕೇ ಒಂದೇ ಕೋಣೆಯಲ್ಲಿದ್ದರೂ ಸ್ಟೀಲು ಮುಟ್ಟಿದರೆ ತಣ್ಣಗೆ, ಮರ ಮುಟ್ಟಿದರೆ ಬೆಚ್ಚಗೆ. ಚಳಿಗಾಲದ ರಾತ್ರಿ ಊಟಕ್ಕೆ ಸ್ಟೀಲು ತಟ್ಟೆ ಹಾಕಿದರೆ ಅನ್ನ ಬೇಗ ಆರುತ್ತದೆ.

ಅಡುಗೆಯ ಪಟ್ಟಿ ಮಾಡುವಾಗಲೂ ಕೈಯನ್ನು ನೆನೆಯಿರಿ. ಎಲ್ಲವೂ ಚಮಚದಲ್ಲಿ ಎತ್ತುವ ಪದಾರ್ಥವಾದರೆ ಬೆರಳಿಗೆ ಏನು ಕೆಲಸ? ಚಿರೋಟಿಯನ್ನು ಬೆರಳಲ್ಲಿ ಮುರಿದಾಗ ಪದರ ಪದರ ಪುಡಿಯಾಗುವುದು, ಅದರ ಮೇಲೆ ಬಾದಾಮಿ ಹಾಲು ಬಿದ್ದು ಮೆತ್ತಗಾಗುವುದು ಕೈಗೂ ಬಾಯಿಗೂ ಒಟ್ಟಿಗೆ ಸಿಗುವ ಸುಖ. ಒಬ್ಬಟ್ಟು, ಮುದ್ದೆ, ಅಕ್ಕಿ ರೊಟ್ಟಿ ಎಲ್ಲ ಇದೇ ಸಾಲಿನವು. ಡಬ್ಬಿಯಲ್ಲಿ ಕೊಡುವ ಐಸ್‌ಕ್ರೀಮಿನ ಜೊತೆ ಬರುವ ಆ ಚಪ್ಪಟೆ ಮರದ ಚಮಚ ನಾಲಿಗೆಗೆ ತಾಗಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ನಿಮಗೂ ಹಾಗೇ ಅಲ್ವಾ?

ಕುಡಿಯುವ ನೀರಿಗೆ ಮಣ್ಣಿನ ಮಡಕೆಯೋ, ತಾಮ್ರದ ಹಂಡೆಯೋ, ಪುಟ್ಟ ಬಾಟಲಿಯೋ? ಮಡಕೆಯ ಮೈಯ ಸಣ್ಣ ರಂಧ್ರಗಳಿಂದ ನೀರು ಒಸರಿ ಆವಿಯಾಗುವಾಗ ಒಳಗಿನ ನೀರು ತಂಪಾಗುತ್ತದೆ. ಗಾಳಿ ಒಣಗಿರಬೇಕು ಅಷ್ಟೇ. ಕಲಬುರಗಿ, ಬಳ್ಳಾರಿಯ ಬೇಸಿಗೆಗೆ ಮಡಕೆ ರಾಜ. ಮಂಗಳೂರಿನ ಮೇ ತಿಂಗಳ ತೇವದ ಗಾಳಿಯಲ್ಲಿ ಅದರ ಆಟ ಅಷ್ಟು ನಡೆಯುವುದಿಲ್ಲ. ಅಲ್ಲಿ ಬೆಲ್ಲ ನೀರು ಕೊಡುವ ಹಳೆ ಪದ್ಧತಿಯೇ ಇದೆ, ಅದನ್ನು ಹಿತ್ತಾಳೆ ಲೋಟದಲ್ಲಿ ಕೊಡಿ. ಪುಟ್ಟ ಪ್ಲಾಸ್ಟಿಕ್ ಬಾಟಲಿ ಹಿಡಿದರೆ ಲೊಟಕ್ ಅಂತ ಒಳಗೆ ಹೋಗಿ ನೀರು ಮೈಮೇಲೆ ಚೆಲ್ಲುತ್ತದೆ. ಅದರ ಬಗ್ಗೆ ಇನ್ನೇನೂ ಹೇಳಲ್ಲ.

ಕೈ ತೊಳೆಯುವ ಜಾಗವನ್ನು ಎಲ್ಲರೂ ಮರೆಯುತ್ತಾರೆ. ತುಪ್ಪದ ಕೈಗೆ ತಣ್ಣೀರು ಹಾಕಿದರೆ ಜಿಡ್ಡು ಹೋಗುವುದಿಲ್ಲ. ಒಂದು ಹಂಡೆ ಉಗುರುಬೆಚ್ಚನೆ ನೀರು, ಒಂದು ತಂಬಿಗೆ, ನಿಂಬೆ ಹೋಳು, ಒಣ ಹತ್ತಿ ಟವೆಲುಗಳ ಒಂದು ಬುಟ್ಟಿ. ಬಳಸಿದ ಟವೆಲು ಹಾಕಲು ಇನ್ನೊಂದು ಬುಟ್ಟಿ. ಖರ್ಚು ಕಡಿಮೆ. ನಮ್ಮ ಗೃಹಪ್ರವೇಶದಲ್ಲಿ ಜನ ಜಾಸ್ತಿ ಹೊಗಳಿದ್ದು ಇದನ್ನೇ, ಲಕ್ಷಗಟ್ಟಲೆ ಕೊಟ್ಟು ಮಾಡಿಸಿದ ಮನೆಯನ್ನಲ್ಲ.

ನಡುವೆ ಏನು ಮಾಡಿಸುವುದು?

ಹೆಂಗಸರಿಗೆ ಮೆಹಂದಿಯೋ ಬಳೆಯೋ ಅನ್ನುವುದು ಸೀಮಂತದಲ್ಲಿ ದೊಡ್ಡ ಚರ್ಚೆ. ಮೆಹಂದಿ ಹಚ್ಚುವಾಗ ತಣ್ಣಗೆ ಹಿತ. ಆದರೆ ಹಚ್ಚಿದ ಮೇಲೆ ಗಂಟೆಗಟ್ಟಲೆ ಕೈ ಕಟ್ಟಿ ಹಾಕಿದ ಹಾಗೆ. ಮಗು ಎತ್ತುವ ಹಾಗಿಲ್ಲ, ಊಟ ಮಾಡುವ ಹಾಗಿಲ್ಲ, ಮೂಗು ತುರಿಸಿದರೂ ಇನ್ನೊಬ್ಬರನ್ನು ಕರೆಯಬೇಕು. ಹಿಂದಿನ ದಿನ ಸಂಜೆಗೆ ಸರಿ, ಸಮಾರಂಭದ ದಿನಕ್ಕೆ ಅಲ್ಲ. ಬೇಗ ಕಪ್ಪಾಗುತ್ತದೆ ಅಂತ ಕೊಡುವ ಕರಿ ಮೆಹಂದಿಯನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ಬೆರೆಸುವ ಕೂದಲ ಬಣ್ಣದ ರಾಸಾಯನಿಕದಿಂದ ಚರ್ಮದ ಮೇಲೆ ಬೊಬ್ಬೆ ಬರಬಹುದು.

ಬಳೆ ಬೇರೆಯೇ ಕಥೆ. ಬಳೆಗಾರ ತನ್ನ ಮಲಾರ, ಅಂದರೆ ಬಳೆಯ ಗಂಟು, ಬಿಚ್ಚಿ ಕೂತ ಎಂದರೆ ಸುತ್ತ ಜನ ಸೇರಿಯೇ ಸೇರುತ್ತಾರೆ. ಅವನು ಕೈ ನೋಡುವುದಿಲ್ಲ, ಹಿಡಿದು ನೋಡುತ್ತಾನೆ. ಹೆಬ್ಬೆರಳ ಬುಡ ಒತ್ತಿ, ಗೆಣ್ಣು ಮಡಚಿ, "ಎರಡು ಆರು" ಅಂದುಬಿಡುತ್ತಾನೆ. ಎರಡು ಆರು ಅಂದರೆ ಎರಡು ಇಂಚು ಮತ್ತು ಹದಿನಾರರಲ್ಲಿ ಆರು ಭಾಗ. ಅಷ್ಟು ಸಣ್ಣ ವ್ಯತ್ಯಾಸವನ್ನು ಅವನ ಬೆರಳು ಹಿಡಿಯುತ್ತದೆ. ಬಳೆ ಗೆಣ್ಣು ದಾಟುವ ಆ ಒಂದು ಕ್ಷಣದ ಬಿಗಿ, ದಾಟಿದ ಮೇಲೆ ಮಣಿಕಟ್ಟಿನ ಮೇಲೆ ಗಾಜಿನ ತಂಪು. ಮನೆಗೆ ಹೋದ ಮೇಲೂ ವಾರಗಟ್ಟಲೆ ಕೈಮೇಲೆ ಇರುತ್ತದೆ. ಬಳೆಗಾರ ಸಿಗದಿದ್ದರೆ ನೀವೇ ತರಿಸಿಡಿ. ಎರಡು ನಾಲ್ಕು ಮತ್ತು ಎರಡು ಆರು ಜಾಸ್ತಿ, ಎರಡು ಎಂಟು ಸ್ವಲ್ಪ ಇರಲಿ. ಎರಡು ಎಂಟು ಮರೆತರೆ ದಪ್ಪ ಕೈಯವರು ಬೇಸರದಲ್ಲಿ ಹೋಗುತ್ತಾರೆ, ನಾವು ಒಮ್ಮೆ ಅನುಭವಿಸಿದ್ದೇವೆ. ಗಂಡ ಕಳೆದುಕೊಂಡವರನ್ನು ಬಿಟ್ಟು ಹಂಚುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ಅದನ್ನೂ ಇದೇ ಸಲ ಬಿಡಿ. ದೊಡ್ಡಮ್ಮನ ಕೈಗೆ ಆರಾರು ಹಸಿರು ಬಳೆ ತೊಡಿಸಿದ್ದೆವು.

ಮಕ್ಕಳಿಗೆ ಕುಂಬಾರರ ತಿಗರಿ ತರಿಸುವುದು ಈಗ ಫ್ಯಾಷನ್ ಆಗಿದೆ. ತಿರುಗುವ ಜೇಡಿಮಣ್ಣಿಗೆ ಕೈಕೊಡುವ ಅನುಭವಕ್ಕೆ ಸಮನಾದದ್ದಿಲ್ಲ, ಒಪ್ಪಿದೆ. ಆದರೆ ಒಂದು ಸಲಕ್ಕೆ ಒಂದೇ ಮಗು, ಮೂವತ್ತು ಮಕ್ಕಳ ಸಾಲು, ಎಲ್ಲರದ್ದೂ ಹೊಸ ಬಟ್ಟೆ. ಅದಕ್ಕಿಂತ ಒಂದು ಮಂಕರಿ ಕಲಸಿದ ಮಣ್ಣು, ಬಾಳೆ ಎಲೆಯ ತುಂಡುಗಳು, ಹಳೆ ಅಂಗಿಗಳನ್ನು ಇಟ್ಟುಬಿಡಿ. ಬಸವನೋ ಹಾವೋ ಏನೋ ಮಾಡಿಕೊಳ್ಳುತ್ತವೆ.

ಕೈಯಲ್ಲಿ ಕೊಟ್ಟು ಕಳಿಸುವುದು

ತಾಂಬೂಲದ ಜೊತೆ ಏನು ಕೊಡುವುದು ಅನ್ನುವುದಕ್ಕೆ ನಾವು ನಾಲ್ಕು ವಸ್ತು ತಂದು ನೋಡಿದೆವು. ಸ್ಟೀಲು ಡಬ್ಬಿ, ಕುಪ್ಪಸ ಹೊಲಿಸುವ ಗುಳೇದಗುಡ್ಡದ ಖಣ, ಚನ್ನಪಟ್ಟಣದ ಮರದ ಕುಂಕುಮದ ಡಬ್ಬಿ, ಬಿದರಿಯ ಸಣ್ಣ ತಟ್ಟೆ.

ಬಿದರಿ ಕೈಗೆ ರಾಜಗಾಂಭೀರ್ಯ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿದ ಎರಕ, ಅದರಲ್ಲಿ ಬೆಳ್ಳಿಯ ಕುಸುರಿ, ಬೀದರ್ ಕೋಟೆಯ ಮಣ್ಣಿನಿಂದ ಬರುವ ಕಪ್ಪು. ಭಾರ, ತಂಪು, ನಯ. ಆದರೆ ಇನ್ನೂರು ಜನಕ್ಕೆ ಕೊಡಲು ಮನೆ ಅಡವಿಡಬೇಕು. ಹತ್ತಿರದ ನಾಲ್ಕು ಜನಕ್ಕೆ ಸಾಕು. ಸ್ಟೀಲು ಡಬ್ಬಿ ಉಪಯೋಗಕ್ಕೆ ಬರುತ್ತದೆ. ಎಲ್ಲರ ಮನೆಯಲ್ಲೂ ಆಗಲೇ ಹತ್ತಿರುತ್ತವೆ.

ಖಣ ಒಳ್ಳೆಯ ಆಯ್ಕೆ. ನೇಯ್ಗೆಯಲ್ಲೇ ಚಿತ್ತಾರ ಉಬ್ಬಿ ನಿಲ್ಲುವುದರಿಂದ ಕಣ್ಣುಮುಚ್ಚಿ ಸವರಿದರೂ ಗೊತ್ತಾಗುತ್ತದೆ. ಹೆಂಗಸರು ತಕ್ಷಣ ಅಂಚು ಹಿಡಿದು ಬೆರಳಲ್ಲಿ ಉಜ್ಜಿ ನೋಡುತ್ತಾರೆ. ಪಾಲಿಯೆಸ್ಟರ್ ಖಣ ಕೊಟ್ಟರೆ ಆ ಉಜ್ಜುವಿಕೆಯಲ್ಲೇ ಸಿಕ್ಕಿಬೀಳುತ್ತೀರಿ. ಅರ್ಧ ಜನಕ್ಕೆ ಕೊಡುವಷ್ಟೇ ದುಡ್ಡಿದ್ದರೆ ಅರ್ಧ ಜನಕ್ಕೇ ಒಳ್ಳೆಯದು ಕೊಡಿ, ಉಳಿದವರಿಗೆ ಬೇರೆ ಏನಾದರೂ.

ಗೆದ್ದದ್ದು ಚನ್ನಪಟ್ಟಣ. ಆಲೆ ಮರದ ತುಂಡು ಲೇತಿನಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜುವ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿ ಹೊಳಪು ಬರಿಸುತ್ತಾರೆ. ಆ ನುಣುಪು ಪ್ಲಾಸ್ಟಿಕ್ಕಿನದ್ದಲ್ಲ, ಗಾಜಿನದ್ದೂ ಅಲ್ಲ. ಅಂಗೈಯಲ್ಲಿಟ್ಟರೆ ಬೆಚ್ಚಗಿರುತ್ತದೆ. ಬಂಪರ್ ಏನಪ್ಪಾ ಅಂದರೆ ಮುಚ್ಚಳ. ಚೆನ್ನಾಗಿ ಕಡೆದ ಡಬ್ಬಿಯ ಮುಚ್ಚಳ ಹಾಕಿದರೆ ಗಾಳಿ ಒತ್ತಿ ನಿಧಾನಕ್ಕೆ ಕೂರುತ್ತದೆ. ದೊಡ್ಡಮ್ಮ ಅಂಗಡಿಯಲ್ಲೇ ಹತ್ತು ಸಲ ತೆಗೆದು ಹಾಕಿ ಮಾಡಿದರು. ಒಂದೆರಡು ಡಬ್ಬಿ ತೆಗೆದು ಪಕ್ಕಕ್ಕಿಟ್ಟು, "ಇದು ಸಡಿಲ, ಬದಲಾಯಿಸು" ಅಂತ ಅಂಗಡಿಯವನಿಗೇ ಹೇಳಿದರು. ಅವನು ನಗುತ್ತ ಬದಲಾಯಿಸಿದ. ಮಕ್ಕಳಿರುವ ಮನೆಗೆ ಗಿಲಕಿ, ಬುಗುರಿ ಕೊಡಿ. ಮೂರು ವರ್ಷದೊಳಗಿನವರಿಗೆ ಬಾಯಿಗೆ ಹೋಗುವಷ್ಟು ಸಣ್ಣ ತುಂಡುಗಳಿರುವ ಆಟಿಕೆ ಬೇಡ.

ಇಷ್ಟೆಲ್ಲ ನೋಡಿ ಆರಿಸಿದ ನಾವು ಕೊನೆಯಲ್ಲಿ ಎಡವಿದ್ದು ಕೈಚೀಲದಲ್ಲಿ. ಚೆಂದದ ಬಣ್ಣದ ಚೀಲ, ಮೇಲೆ ಅಪ್ಪ ಅಮ್ಮನ ಹೆಸರು. ಹಿಡಿಕೆ ಮಾತ್ರ ತೆಳ್ಳಗಿನ ನೈಲಾನ್ ದಾರ. ಒಳಗೆ ತೆಂಗಿನಕಾಯಿ, ಡಬ್ಬಿ, ಲಾಡು. ಬಸ್‌ಸ್ಟಾಂಡಿನವರೆಗೆ ನಡೆದು ಹೋದವರ ಬೆರಳಲ್ಲಿ ದಾರದ ಗೀರು ಮೂಡಿತ್ತಂತೆ. ದೊಡ್ಡಮ್ಮನಿಗೆ ಖಾಲಿ ಚೀಲ ಕೊಟ್ಟು ನೋಡಿಸಿದ್ದೆವು, ಕಾಯಿ ಹಾಕಿ ಕೊಟ್ಟಿರಲಿಲ್ಲ. ನೀವು ಮಾಡಿಸುವುದಾದರೆ ಎರಡು ಬೆರಳಗಲದ ಹತ್ತಿ ಪಟ್ಟಿಯ ಹಿಡಿಕೆ ಹಾಕಿಸಿ. ಒಂದು ಚೀಲಕ್ಕೆ ಕಾಯಿ ಹಾಕಿ, ಮನೆಯಿಂದ ರಸ್ತೆ ತಿರುವಿನವರೆಗೆ ನಡೆದು ಬಂದು ಆಮೇಲೆ ಆರ್ಡರ್ ಕೊಡಿ.